ಯಂತ್ರಕ್ಕೆ ವಯಸ್ಸು ಕಟ್ಟುವವರು

2020ರ ಮಾರ್ಚ್ 25ರಂದು ಇಡೀ ದೇಶಕ್ಕೆ ಬೀಗ ಬಿದ್ದಿತು. ಶಾಲೆಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ಜೂನ್ ಬಂದರೂ ಶಾಲೆಯ ಗಂಟೆ ಬಾರಿಸಲಿಲ್ಲ. ತರಗತಿ ಮಾತ್ರ ಮೊಬೈಲಿನ ದಾರಿ ಹಿಡಿದು ಮನೆಗೇ ಬಂತು. ಮೂವರು ಮಕ್ಕಳಿದ್ದ ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು, ಅದೂ ಅಪ್ಪನದು. ಅಪ್ಪ ಕೆಲಸಕ್ಕೆ ಹೊರಟರೆ ಮೂರು ಮಕ್ಕಳ ಶಾಲೆಯೂ ಅವನ ಜೇಬಿನಲ್ಲಿ ಕೂತು ಹೊರಟುಹೋಗುತ್ತಿತ್ತು. ಅಂಥ ದಿನಗಳಲ್ಲಿ ಎಷ್ಟೋ ಮನೆಗಳ ಅಟ್ಟದಿಂದ, ಬೀರುವಿನ ಮೇಲಿನಿಂದ ಹಳೆಯ ಲ್ಯಾಪ್‌ಟಾಪುಗಳು ಕೆಳಗಿಳಿದವು. ಕೊಲ್ಲಿಯಿಂದ ಮರಳಿದ ಅಣ್ಣ ತಂದದ್ದು, ಇಂಜಿನಿಯರಿಂಗ್ ಓದಿ ಮದುವೆಯಾಗಿ ಹೋದ ಅಕ್ಕ ಬಿಟ್ಟದ್ದು, ಯಾವುದೋ ಕಚೇರಿ ಕಳಚಿ ಹಾಕಿದ್ದನ್ನು ಅಗ್ಗಕ್ಕೆ ಕೊಂಡದ್ದು. ಧೂಳು ಒರೆಸಿ, ಚಾರ್ಜರು ಹುಡುಕಿ, ಗುಂಡಿ ಒತ್ತಿದರೆ ತೆರೆ ಬೆಳಗಿತು. ಆದರೆ ತರಗತಿ ತೆರೆಯಲಿಲ್ಲ.

ಯಂತ್ರ ಬದುಕಿದೆ, ಆದರೆ ಉಪಯೋಗಕ್ಕೆ ಬರುವುದಿಲ್ಲ. ಈ ವಿಚಿತ್ರ ಸ್ಥಿತಿ ಹೇಗೆ ಬಂತು? ಕಬ್ಬಿಣ ತುಕ್ಕು ಹಿಡಿಯುತ್ತದೆ, ಚರಕದ ಕದಿರು ಸವೆಯುತ್ತದೆ, ಹೊಲಿಗೆ ಯಂತ್ರದ ಬೆಲ್ಟು ಹರಿಯುತ್ತದೆ. ಅವುಗಳ ವಯಸ್ಸು ಅವುಗಳ ಮೈಯಲ್ಲೇ ಇರುತ್ತದೆ. ಕಂಪ್ಯೂಟರಿನ ವಯಸ್ಸು ಮಾತ್ರ ಅದರ ಮೈಯಲ್ಲಿಲ್ಲ. ಅದನ್ನು ದೂರದ ಯಾವುದೋ ಕಚೇರಿಯಲ್ಲಿ ಕುಳಿತವರು ಕ್ಯಾಲೆಂಡರು ನೋಡಿ ನಿಗದಿ ಮಾಡುತ್ತಾರೆ. ಹಳೆಯ ಲ್ಯಾಪ್‌ಟಾಪುಗಳ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ನಿಗದಿಯ ಚರಿತ್ರೆ.

ಮೊದಲು ಎಷ್ಟು ಮನೆಗಳ ಮಾತು ಇದು ಎಂಬುದನ್ನು ನೋಡೋಣ. ಕೇಂದ್ರ ಸರಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017-18ರಲ್ಲಿ ನಡೆಯಿತು. ಅದರ ಪ್ರಕಾರ ನಗರಗಳ 23.4 ಶೇಕಡ ಮನೆಗಳಲ್ಲಿ ಕಂಪ್ಯೂಟರ್ ಇತ್ತು. ಹಳ್ಳಿಗಳಲ್ಲಿ ಅದು ಕೇವಲ 4.4 ಶೇಕಡ. ಇಂಟರ್ನೆಟ್ ಸೌಲಭ್ಯ ನಗರದಲ್ಲಿ 42 ಶೇಕಡ ಮನೆಗಳಿಗೆ, ಹಳ್ಳಿಯಲ್ಲಿ 14.9 ಶೇಕಡ ಮನೆಗಳಿಗೆ. ಅಂದರೆ ಹೆಚ್ಚಿನ ಮಕ್ಕಳಿಗೆ ಹಳೆಯ ಲ್ಯಾಪ್‌ಟಾಪು ಕೂಡ ಕನಸೇ. ಆದರೆ ಈ ಅಂಕಿಗಳು ಹೇಳದ ಒಂದು ಮಾತಿದೆ. ಮನೆಯಲ್ಲಿ ಕಂಪ್ಯೂಟರ್ ಇದೆ ಎಂಬ ಲೆಕ್ಕದೊಳಗೆ ಹೊಸತೂ ಸೇರುತ್ತದೆ, ಹತ್ತು ವರ್ಷದ ಹಿಂದಿನದೂ ಸೇರುತ್ತದೆ. ಅದರಲ್ಲಿ ಪಾಠ ಕೇಳಬಹುದೇ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಯನ್ನು ಜೋರಾಗಿ ಕೇಳಿದ್ದು ಕೊರೋನಾ.

ಕಂಪ್ಯೂಟರಿನ ಒಳಗೆ ಮೂರು ಪದರಗಳಿವೆ ಎಂದಿಟ್ಟುಕೊಳ್ಳಿ. ಕೆಳಗೆ ಲೋಹ, ಸಿಲಿಕಾನುಗಳ ಯಂತ್ರ. ಅದರ ಮೇಲೆ ಆಪರೇಟಿಂಗ್ ಸಿಸ್ಟಂ. ಯಂತ್ರವನ್ನು ದುಡಿಸುವ ಮೇಸ್ತ್ರಿ ಅದು. ಅದರ ಮೇಲೆ ಬ್ರೌಸರಿನಂಥ ತಂತ್ರಾಂಶಗಳು. ಪಾಠ ಬರುವುದು ಮೇಲಿನ ಪದರಕ್ಕೆ. ಮೇಲಿನದು ಹೊಸದಾಗಬೇಕಾದರೆ ನಡುವಿನ ಮೇಸ್ತ್ರಿ ಹೊಸಬನಾಗಬೇಕು. ಹೊಸ ಮೇಸ್ತ್ರಿ ಬಂದರೆ ಅವನು ಕೆಳಗಿನ ಯಂತ್ರಕ್ಕೆ ಇನ್ನಷ್ಟು ಬಲ ಬೇಕೆನ್ನುತ್ತಾನೆ. ಹೀಗೆ ಒಂದು ಬೇಡಿಕೆ ಇನ್ನೊಂದನ್ನು ತಳ್ಳುತ್ತ ಕೊನೆಗೆ ಬಡವನ ಜೇಬಿಗೆ ಬಂದು ನಿಲ್ಲುತ್ತದೆ.

ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರ್‌ನಲ್ಲಿ ಬಂತು. ಅದಕ್ಕೆ 64 ಎಂಬಿ ಮೆಮೊರಿ ಇದ್ದರೆ ಸಾಕಾಗಿತ್ತು. 2007ರಲ್ಲಿ ಬಂದ ವಿಸ್ತಾ ಕನಿಷ್ಠ 512 ಎಂಬಿ ಕೇಳಿತು. 2009ರ ವಿಂಡೋಸ್ 7 ಕೇಳಿದ್ದು 1 ಜಿಬಿ. 2021ರಲ್ಲಿ ಬಂದ ವಿಂಡೋಸ್ 11 ಕನಿಷ್ಠ 4 ಜಿಬಿ ಕೇಳುತ್ತದೆ. 20 ವರ್ಷಗಳಲ್ಲಿ ಹಸಿವು 64 ಪಟ್ಟು ಬೆಳೆಯಿತು. ಈ ಬೆಳವಣಿಗೆಯಲ್ಲಿ ಒಳ್ಳೆಯದೂ ಇದೆ. ಭದ್ರತೆ ಹೆಚ್ಚಿತು, ವಿಡಿಯೋ ಸುಲಭವಾಯಿತು. ಆದರೆ ನಾಲ್ಕನೇ ತರಗತಿಯ ಮಗು ಮಗ್ಗಿ ಕೇಳಿಸಿಕೊಳ್ಳಲು ಈ 64 ಪಟ್ಟು ಬೇಕಿತ್ತೇ ಎಂದು ಯಾರೂ ಕೇಳಲಿಲ್ಲ.

ಹಸಿವಿಗಿಂತ ದೊಡ್ಡದು ಕೊನೆಯ ದಿನಾಂಕ. ಆಪರೇಟಿಂಗ್ ಸಿಸ್ಟಂನಲ್ಲಿ ಕಳ್ಳಗಿಂಡಿಗಳು ಆಗಾಗ ಪತ್ತೆಯಾಗುತ್ತವೆ. ಅವನ್ನು ಮುಚ್ಚುವ ತೇಪೆಗಳನ್ನು ಕಂಪನಿ ಕಳಿಸುತ್ತಿರುತ್ತದೆ. ಒಂದು ದಿನ ಇನ್ನು ಕಳಿಸುವುದಿಲ್ಲ ಎಂದು ಘೋಷಿಸುತ್ತದೆ. ಎಕ್ಸ್‌ಪಿಗೆ ಆ ದಿನ ಬಂದದ್ದು 2014ರ ಏಪ್ರಿಲ್ 8ರಂದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ನಮ್ಮ ದೇಶಕ್ಕೆ ಬೀಗ ಬೀಳುವುದಕ್ಕೆ ಸರಿಯಾಗಿ 71 ದಿನ ಮೊದಲು! ಅಟ್ಟದಿಂದ ಇಳಿದ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಈ ಎರಡರಲ್ಲಿ ಒಂದು. ವಿಂಡೋಸ್ 7 ಇದ್ದದ್ದು ಏದುಸಿರು ಬಿಡುತ್ತ ಹೇಗೋ ನಡೆಯಿತು. ಎಕ್ಸ್‌ಪಿ ಇದ್ದದ್ದು ಹೊಸ್ತಿಲಲ್ಲೇ ನಿಂತಿತು. ಅದಕ್ಕೆ ಹೊಸ ಕ್ರೋಮ್ ಬ್ರೌಸರ್ 2016ರಲ್ಲೇ ನಿಂತುಹೋಗಿತ್ತು, ಫೈರ್‌ಫಾಕ್ಸ್ 2018ರಲ್ಲಿ. ಗೂಗಲ್ ಮೀಟ್ ಕೇಳಿದ್ದು ಆಗಿನ ಹೊಸ ಬ್ರೌಸರನ್ನು, ಹೆಚ್ಚೆಂದರೆ ಅದರ ಹಿಂದಿನ ಎರಡು ಆವೃತ್ತಿಗಳನ್ನು.

ತೇಪೆ ಹಾಕಲು ಸಾಧ್ಯವಿಲ್ಲವೆಂದು ನಿಲ್ಲಿಸಿದರೇ? ಅಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತನ್ನು ನಡುಗಿಸಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳ ಕೆಲಸವೇ ನಿಂತಿತು. ಆಗ ಮೈಕ್ರೋಸಾಫ್ಟ್, ಮೂರು ವರ್ಷ ಹಿಂದೆ ಕೈಬಿಟ್ಟಿದ್ದ ಎಕ್ಸ್‌ಪಿಗೂ ಒಂದೆರಡು ದಿನದೊಳಗೆ ತೇಪೆ ಬಿಡುಗಡೆ ಮಾಡಿತು. ಮಾಡಬಹುದಾಗಿತ್ತು, ಮಾಡಿದರು. ಎಂದರೆ ಯಂತ್ರದ ಮುಪ್ಪು ನಿಸರ್ಗದ ನಿಯಮವಲ್ಲ, ವ್ಯಾಪಾರದ ತೀರ್ಮಾನ. ಕಂಪನಿಯೊಂದು ತನ್ನ ಹಳೆಯ ಸರಕನ್ನು ಎಷ್ಟು ಕಾಲ ಸಾಕಬೇಕು ಎನ್ನುವುದು ನ್ಯಾಯವಾದ ಪ್ರಶ್ನೆಯೇ. 12 ವರ್ಷ ಸಾಕಿದ್ದು ಕಡಿಮೆಯೇನಲ್ಲ. ಆದರೆ ಆ ತೀರ್ಮಾನದಲ್ಲಿ ಅಟ್ಟದ ಮೇಲಿನ ಲ್ಯಾಪ್‌ಟಾಪಿನ ಒಡೆಯನಿಗೆ ಮತವಿಲ್ಲ ಎಂಬುದನ್ನು ಮರೆಯಬಾರದು.

ಕನ್ನಡ ಮತ್ತು ಉರ್ದು ಓದುವವರಿಗೆ ಈ ಕತೆಯಲ್ಲಿ ಇನ್ನೊಂದು ತೊಡಕಿದೆ. ನಮ್ಮ ಅಕ್ಷರಗಳು ಆಪರೇಟಿಂಗ್ ಸಿಸ್ಟಂ ಜೊತೆಗೇ ಬರುತ್ತವೆ, ಅದರ ಜೊತೆಗೇ ಹೋಗುತ್ತವೆ. ವಿಂಡೋಸ್ 98ಕ್ಕೆ ಕನ್ನಡ ಗೊತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ ಮುಂತಾದವು ಒಂದು ಉಪಾಯ ಮಾಡಿದವು. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿದವು. ಅದರಿಂದ ಪತ್ರಿಕೆಗಳು ನಡೆದವು, ಪುಸ್ತಕಗಳು ಅಚ್ಚಾದವು. ಆದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಪಾಠ ಅರ್ಥವಿಲ್ಲದ ಇಂಗ್ಲಿಷ್ ಗೀಚುಗಳಾಗಿ ಕಾಣುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್, ಕನ್ನಡವನ್ನು 1991ರ ತನ್ನ ಮೊದಲ ಆವೃತ್ತಿಯಲ್ಲೇ ಸೇರಿಸಿಕೊಂಡಿತ್ತು. ಅದು ವಿಂಡೋಸ್‌ನಲ್ಲಿ ತುಂಗಾ ಎಂಬ ಅಕ್ಷರರೂಪವಾಗಿ ಕಾಣಿಸಿಕೊಂಡದ್ದು ಎಕ್ಸ್‌ಪಿಯಲ್ಲಿ. ಹತ್ತು ವರ್ಷದ ಅಂತರ!

ಉರ್ದುವಿನ ಕತೆ ಇನ್ನೂ ನಿಧಾನ. ಉರ್ದು ಓದುವ ಕಣ್ಣಿಗೆ ನಸ್ತಾಲೀಖ್ ಬರವಣಿಗೆಯೇ ಬರವಣಿಗೆ. ಅದರ ಸಾಲು ಬಲದಿಂದ ಎಡಕ್ಕೆ ಇಳಿಜಾರಾಗಿ ಹರಿಯುತ್ತದೆ. 1990ರ ದಶಕದಲ್ಲಿ ಬಂದ ಇನ್‌ಪೇಜ್ ತಂತ್ರಾಂಶ ಅದನ್ನು ಕಂಪ್ಯೂಟರಿಗೆ ತಂದಿತು. ಆದರೆ ಅದರ ಕಡತಗಳನ್ನು ತೆರೆಯಲು ಇನ್‌ಪೇಜೇ ಬೇಕಿತ್ತು. ವಿಂಡೋಸ್ ತನ್ನದೇ ನಸ್ತಾಲೀಖ್ ಅಕ್ಷರ ಕೊಟ್ಟದ್ದು 2012ರ ವಿಂಡೋಸ್ 8ರಲ್ಲಿ. ಗೂಗಲ್‌ನ ನೋಟೋ ನಸ್ತಾಲೀಖ್ ಬಂದದ್ದು 2014ರಲ್ಲಿ. ಅದಕ್ಕೆ ಮೊದಲಿನ ಯಂತ್ರಗಳಲ್ಲಿ ಉರ್ದು ಪಾಠ ಅರಬಿಯ ನಸ್ಖ್ ವೇಷದಲ್ಲಿ ಕಾಣುತ್ತಿತ್ತು. ಓದಲು ಬರುತ್ತದೆ, ಆದರೆ ಆಗಷ್ಟೇ ಅಲಿಫ್ ಬೇ ಕಲಿತ ಮಗುವಿಗೆ ತನ್ನ ಪುಸ್ತಕದ ಅಕ್ಷರವೂ ತೆರೆಯ ಅಕ್ಷರವೂ ಒಂದೇ ಎಂದು ನಂಬಿಸುವುದು ಸುಲಭವಲ್ಲ. ಆದ್ದರಿಂದ ಹಳೆಯ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವುದು ನಮ್ಮ ಮಕ್ಕಳ ಪಾಲಿಗೆ ವೇಗದ ಮಾತಷ್ಟೇ ಅಲ್ಲ, ಲಿಪಿಯ ಮಾತು ಕೂಡ.

ಚರಿತ್ರೆಯಲ್ಲಿ ಇನ್ನೊಂದು ಹೊಳೆಯೂ ಹರಿಯುತ್ತಿತ್ತು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್, ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಅದರ ಒಳಗುಟ್ಟು ಓದಬಹುದು, ತಿದ್ದಬಹುದು, ನೆರೆಯವನಿಗೆ ಹಂಚಬಹುದು ಎಂಬುದು ಅದರ ತತ್ವ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್, ತನ್ನ 386 ಕಂಪ್ಯೂಟರಿಗಾಗಿ ಬರೆದ ಲಿನಕ್ಸ್ ಇದರೊಡನೆ ಸೇರಿತು. ಇವುಗಳಿಂದ ಹುಟ್ಟಿದ ಡೆಬಿಯನ್, ಉಬುಂಟು, ಮಿಂಟ್ ಮುಂತಾದವುಗಳಿಗೆ ಹಣ ಕೊಡಬೇಕಿಲ್ಲ. ಆದರೆ ಪುಕ್ಕಟೆ ಎನ್ನುವುದು ಇಲ್ಲಿ ದೊಡ್ಡ ಮಾತಲ್ಲ. ಯಂತ್ರದ ವಯಸ್ಸನ್ನು ನಿಗದಿ ಮಾಡುವ ಹಕ್ಕು ಒಬ್ಬನ ಕೈಯಲ್ಲಿ ಇಲ್ಲ ಎನ್ನುವುದು ದೊಡ್ಡ ಮಾತು.

ಇದನ್ನು ಶಾಲೆಯ ಮಟ್ಟದಲ್ಲಿ ಅರ್ಥಮಾಡಿಕೊಂಡದ್ದು ನೆರೆಯ ಕೇರಳ. ಅಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. ಅದೇ ವರ್ಷ ತಿರುವನಂತಪುರದಲ್ಲಿ ಸ್ಟಾಲ್‌ಮನ್ ಸಮ್ಮುಖದಲ್ಲಿ ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನವೂ ಶುರುವಾಯಿತು. ಶಾಲಾ ಯೋಜನೆ ಮೊದಲಿಗೆ ಹಿಡಿದದ್ದು ವಿಂಡೋಸ್ ದಾರಿಯನ್ನೇ. ಪಠ್ಯಪುಸ್ತಕ ಒಂದು ಕಂಪನಿಯ ಸರಕಿನ ಕೈಪಿಡಿಯಾಗಬಾರದು ಎಂದು ಅಧ್ಯಾಪಕರ ಸಂಘಟನೆ ತಕರಾರು ತೆಗೆಯಿತು. ಆ ದಶಕ ಮುಗಿಯುವುದರೊಳಗೆ ಕೇರಳದ ಪ್ರೌಢಶಾಲೆಗಳ ಐಟಿ ಪಾಠವೂ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯೂ ಮುಕ್ತ ತಂತ್ರಾಂಶಕ್ಕೆ ಬದಲಾದವು. ಅಧ್ಯಾಪಕರೇ ಅದನ್ನು ಯಂತ್ರಗಳಿಗೆ ಹಾಕಲು, ಕೆಟ್ಟರೆ ಸರಿಮಾಡಲು ಕಲಿತರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಐಟಿ ಪುಸ್ತಕ ಕನ್ನಡದಲ್ಲೇ ಸಿಕ್ಕಿತು. 2017ರಲ್ಲಿ ಈ ಯೋಜನೆ ಕೈಟ್ ಎಂಬ ಸರಕಾರಿ ಕಂಪನಿಯಾಯಿತು. 2020ರ ಜೂನ್ 1ರಂದು ಅದು ಫಸ್ಟ್ ಬೆಲ್ ಹೆಸರಿನಲ್ಲಿ ಟೀವಿ ಪಾಠಗಳನ್ನು ಆರಂಭಿಸಿತು. ಕನ್ನಡ ಮಾಧ್ಯಮಕ್ಕೂ ಪಾಠಗಳನ್ನು ತಯಾರಿಸಿತು. ಕಂಪ್ಯೂಟರಿನ ಬಗ್ಗೆ ಅಷ್ಟು ಬಲ್ಲ ಸಂಸ್ಥೆಯೇ ಮನೆಮನೆಯ ಟೀವಿಯನ್ನು ಮೊದಲು ಆರಿಸಿಕೊಂಡಿತು ಎಂಬುದನ್ನು ಗಮನಿಸಬೇಕು. ಮಗುವಿನ ಬಳಿ ಏನಿದೆಯೋ ಅಲ್ಲಿಗೆ ಪಾಠ ಹೋಗಬೇಕು ಎಂಬ ವಿವೇಕ ಅದು.

ನಮ್ಮ ಕರ್ನಾಟಕದಲ್ಲೂ ಹೊಸ ಶತಮಾನದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆ ಬಂತು. 1000 ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟರು. ಆದರೆ ಕಲಿಸುವ ಹೊಣೆ ಖಾಸಗಿ ಸಂಸ್ಥೆಗಳ ಗುತ್ತಿಗೆಗೆ ಹೋಯಿತು. ಗುತ್ತಿಗೆಯವರು ಹೋದಾಗ ತಿಳಿವಳಿಕೆಯೂ ಅವರೊಡನೆ ಹೋಗುತ್ತದೆ. ಮುಂದೆ 2010ರ ದಶಕದಲ್ಲಿ ಸಬ್ಜೆಕ್ಟ್ ಟೀಚರ್ ಫೋರಂ ಎಂಬ ಕಾರ್ಯಕ್ರಮ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು, ಜಿಯೋಜೀಬ್ರಾ ಮುಂತಾದವನ್ನು ಕಲಿಸಿತು. ಒಳ್ಳೆಯ ಕೆಲಸ. ಆದರೆ ಕೇರಳದಂತೆ ಅದು ಪಠ್ಯದ, ಪರೀಕ್ಷೆಯ ಬೆನ್ನೆಲುಬು ಆಗಲಿಲ್ಲ.

ಹೀಗಾಗಿ 2020ರಲ್ಲಿ ನಮ್ಮ ಅಪ್ಪ ಅಮ್ಮಂದಿರಿಗೆ ಆಸರೆಯಾದವರು ರಿಪೇರಿ ಅಂಗಡಿಯ ಹುಡುಗರು. ಬೆಂಗಳೂರಿನ ಎಸ್.ಪಿ. ರಸ್ತೆ ದಶಕಗಳಿಂದ ಹಳೆಯ ಕಂಪ್ಯೂಟರಿನ ಸಂತೆ. ಇಂಥ ಸಣ್ಣಪುಟ್ಟ ಅಂಗಡಿಗಳು ನಮ್ಮ ಎಲ್ಲ ಊರುಗಳ ಮೊಹಲ್ಲಾಗಳಲ್ಲೂ ಇವೆ. ಎಸ್ಸೆಸ್ಸೆಲ್ಸಿಯಲ್ಲಿ ಓದು ನಿಲ್ಲಿಸಿದ, ಸ್ಕ್ರೂಡ್ರೈವರ್ ಹಿಡಿದೇ ವಿದ್ಯೆ ಕಲಿತ ಹುಡುಗರು ಅಲ್ಲಿ ಕೂತಿರುತ್ತಾರೆ. ಅವರು ಮಾಡುತ್ತಿದ್ದ ಕೆಲಸಕ್ಕೆ ಒಂದು ಕ್ರಮವಿದೆ. ಅದು ಇಂದಿಗೂ ಉಪಯೋಗಕ್ಕೆ ಬರುವಂಥದ್ದು.

ಮೊದಲು ಹಳೆಯ ಫೋಟೋ, ಕಾಗದಪತ್ರಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಬೇಕು. ಇದನ್ನು ಮರೆತವರ ಮದುವೆಯ ಫೋಟೋಗಳು ತಿರುಗಿ ಬರುವುದಿಲ್ಲ. ಆಮೇಲೆ ಯಂತ್ರದ ಪ್ರೊಸೆಸರ್ 32 ಬಿಟ್ಟಿನದೋ 64 ಬಿಟ್ಟಿನದೋ, ಮೆಮೊರಿ ಎಷ್ಟು ಎಂದು ನೋಡಬೇಕು. 2 ಜಿಬಿ ಇದ್ದದ್ದಕ್ಕೆ ಇನ್ನೊಂದು ಹಳೆಯ ಮೆಮೊರಿ ಪಟ್ಟಿ ಸೇರಿಸಿ, ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರ ಹೊಸ ಉಸಿರು ಪಡೆಯುತ್ತದೆ. ತಿರುಗುವ ಡಿಸ್ಕು ಪ್ರತಿ ಮಾಹಿತಿಗೂ ತನ್ನ ಮುಳ್ಳನ್ನು ಅತ್ತಿತ್ತ ಸರಿಸಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಅನಂತರ ಲಿನಕ್ಸ್ ಮಿಂಟ್ ಅಥವಾ ಲುಬುಂಟುವಿನಂಥ ಹಗುರ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಹಾಕಿ, ಅಲ್ಲಿಂದಲೇ ಯಂತ್ರವನ್ನು ನಡೆಸಿ ನೋಡಬಹುದು. ಒಳಗಿನ ಏನನ್ನೂ ಮುಟ್ಟಬೇಕಿಲ್ಲ. ವೈಫೈ ಹಿಡಿಯುತ್ತದೆಯೇ, ಕ್ಯಾಮರಾ ಕಾಣುತ್ತದೆಯೇ, ಮೈಕಿನಲ್ಲಿ ಮಾತು ಹೋಗುತ್ತದೆಯೇ ಎಂದು ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಖಾಯಂ ಆಗಿ ಹಾಕಬೇಕು. ಕೊನೆಗೆ ಕನ್ನಡ, ಉರ್ದು ಅಕ್ಷರಗಳನ್ನು ಸೇರಿಸಬೇಕು. ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರರೂಪಗಳು ಇವೆ. ಕೀಲಿಮಣೆಯಲ್ಲಿ ನುಡಿಯ ವಿನ್ಯಾಸವನ್ನೂ ಆರಿಸಿಕೊಳ್ಳಬಹುದು. ಶಿಕ್ಷಕರು ಹಳೆಯ ನುಡಿಯಲ್ಲಿ ಮಾಡಿದ ಪ್ರಶ್ನೆಪತ್ರಿಕೆಯನ್ನು ಮಾತ್ರ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಇಲ್ಲವೇ ಪಿಡಿಎಫ್ ಆಗಿ ತರಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಲ್ಯಾಪ್‌ಟಾಪು ಶಾಲೆಯಾಗುವುದಿಲ್ಲ. ಈ ಮಾತನ್ನು ಮರೆತರೆ ನಾವು ಸ್ಕ್ರೂಡ್ರೈವರಿನಿಂದ ಸಮಾಜ ತಿದ್ದಲು ಹೊರಟಂತಾಗುತ್ತದೆ. 2020ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಐದನೇ ತರಗತಿಯವರೆಗೆ ಆನ್‌ಲೈನ್ ತರಗತಿಯನ್ನು ನಿಷೇಧಿಸಿತು. ಎಳೆಯ ಮಕ್ಕಳ ಕಣ್ಣು, ಮನಸ್ಸುಗಳ ಚಿಂತೆ ಅದರ ಹಿಂದಿತ್ತು. ಜುಲೈ 8ರಂದು ಹೈಕೋರ್ಟು, ಶಿಕ್ಷಣದ ಹಕ್ಕಿನ ಮಾತೆತ್ತಿ ಆ ಆದೇಶಕ್ಕೆ ತಡೆ ಕೊಟ್ಟಿತು. ಎರಡೂ ಕಡೆ ನ್ಯಾಯವಿತ್ತು. ಆದರೆ ಈ ವಾದ ನಡೆಯುವಾಗ ಯಂತ್ರವೇ ಇಲ್ಲದ ಮಗು ಕೋರ್ಟಿನ ಹೊರಗೇ ನಿಂತಿತ್ತು. ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ ಸರಕಾರಿ ಶಾಲೆಯ ಮೇಷ್ಟರುಗಳು ಮರದ ನೆರಳಿಗೆ, ಊರ ಜಗಲಿಗೆ ಹೋಗಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆ ಎರಡು ತಿಂಗಳು ಆ ಮಕ್ಕಳಿಗೆ ಯಾವ ಆಪರೇಟಿಂಗ್ ಸಿಸ್ಟಂ ಕೂಡ ಬೇಕಾಗಿರಲಿಲ್ಲ.

ಶಾಲೆಗಳು ತೆರೆದವು. ಕತೆ ಅಲ್ಲಿಗೆ ಮುಗಿಯಲಿಲ್ಲ. ಹೋಂವರ್ಕು, ಅರ್ಜಿ, ಸ್ಕಾಲರ್‌ಶಿಪ್, ಫಲಿತಾಂಶ ಎಲ್ಲವೂ ಈಗ ಜಾಲತಾಣದಲ್ಲಿವೆ. 2021ರ ಸೆಪ್ಟೆಂಬರ್ 30ರಂದು ಜಾಲತಾಣಗಳ ಗುರುತನ್ನು ಖಾತರಿಪಡಿಸುವ ಒಂದು ಹಳೆಯ ಪ್ರಮಾಣಪತ್ರದ ಅವಧಿ ಮುಗಿಯಿತು. ಹೊಸ ಪ್ರಮಾಣಪತ್ರದ ಪರಿಚಯವಿಲ್ಲದ ಹಲವು ಹಳೆಯ ಯಂತ್ರಗಳು ಅನೇಕ ತಾಣಗಳನ್ನು ತೆರೆಯಲು ನಿರಾಕರಿಸಿದವು. ರಾತ್ರಿ ಸರಿಯಿದ್ದ ಯಂತ್ರ ಬೆಳಿಗ್ಗೆ ಹಳತಾಯಿತು! ಮುಂದೆ ವಿಂಡೋಸ್ 11 ಬಂತು. ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರನ್ನೂ ಕೇಳಿತು. 2015ರಲ್ಲಿ ಕೊಂಡ ಗಟ್ಟಿಮುಟ್ಟಾದ ಲ್ಯಾಪ್‌ಟಾಪು ಅದರ ಬಾಗಿಲಿನ ಹೊರಗೆ ಉಳಿಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಹೆಚ್ಚುವರಿಯಾಗಿ ಒಂದು ವರ್ಷದ ಭದ್ರತಾ ತೇಪೆಗಳು, ಅಷ್ಟೆ. ಕೊರೋನಾ ಕಾಲದಲ್ಲಿ ಸಾಲ ಮಾಡಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಈ ಸಾಲಿಗೆ ಸೇರಿದವು.

ಮುಕ್ತ ತಂತ್ರಾಂಶದವರೂ ಗೆರೆ ಎಳೆಯುತ್ತಾರೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಲಿನಕ್ಸ್ ಹುಟ್ಟಿದ್ದೇ 386 ಯಂತ್ರದಲ್ಲಿ, ಆದರೆ 2013ರ ಆವೃತ್ತಿಯಿಂದ ಅದೇ 386ಕ್ಕೆ ಬೆಂಬಲ ನಿಂತಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, 32 ಬಿಟ್ಟಿನ ಹಳೆಯ ಪಿಸಿಗಳನ್ನು ಪೂರ್ಣವಾಗಿ ನಡೆಸುವುದನ್ನು ಬಿಟ್ಟಿತು. ವ್ಯತ್ಯಾಸ ಇಷ್ಟೆ. 386ನ್ನು ಬಿಡುವ ಹೊತ್ತಿಗೆ ಅದಕ್ಕೆ ಸುಮಾರು 27 ವರ್ಷವಾಗಿತ್ತು. ಚರ್ಚೆ ಎಲ್ಲರ ಕಣ್ಣೆದುರು ನಡೆಯಿತು. ಬೇಕಾದವರು ಹಳೆಯ ಸಂಕೇತವನ್ನು ಎತ್ತಿಕೊಂಡು ಮುಂದುವರಿಸುವ ಬಾಗಿಲು ತೆರೆದೇ ಇತ್ತು.

ಆದ್ದರಿಂದ ನಮ್ಮ ಶಾಲಾ ಆಡಳಿತಗಳ ಮುಂದೆ, ಶಿಕ್ಷಣ ಇಲಾಖೆಯ ಮುಂದೆ ಇಡಬೇಕಾದ ಬೇಡಿಕೆ ಹೊಸ ಲ್ಯಾಪ್‌ಟಾಪು ಒಂದೇ ಅಲ್ಲ. ಹತ್ತು ವರ್ಷದ ಯಂತ್ರದಲ್ಲೂ ತೆರೆಯುವಂತೆ ಪಾಠಗಳನ್ನು ಹಗುರಾಗಿ ತಯಾರಿಸಬೇಕು. ಕನ್ನಡವಾಗಲಿ ಉರ್ದುವಾಗಲಿ ಯೂನಿಕೋಡ್‌ನಲ್ಲೇ ಇರಬೇಕು. ಯಂತ್ರ ಕೊಡುವಾಗಲೇ ಅದನ್ನು ಸರಿಮಾಡುವ ವಿದ್ಯೆಯನ್ನು ಶಿಕ್ಷಕರಿಗೆ ಕೊಡಬೇಕು. ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ರಂಜಾನಿನಲ್ಲಿ ಪುಸ್ತಕ, ಬಟ್ಟೆ ಹಂಚುವಂತೆ ವರ್ಷಕ್ಕೊಮ್ಮೆ ಹಳೆಯ ಕಂಪ್ಯೂಟರುಗಳನ್ನು ಕೂಡಿಸಿ, ಮೊಹಲ್ಲಾದ ರಿಪೇರಿ ಹುಡುಗರಿಗೆ ಕೂಲಿ ಕೊಟ್ಟು ಸರಿಮಾಡಿಸಿ ಮಕ್ಕಳಿಗೆ ಕೊಡಬಹುದು. ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ.

ಯಾವ ಯಂತ್ರ ಹಳೆಯದು ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆಯೋ, ಯಾವ ಮಗು ಹಿಂದುಳಿಯಬೇಕು ಎಂದು ಹೇಳುವ ಅಧಿಕಾರವೂ ಅವರ ಕೈಗೇ ಹೋಗುತ್ತದೆ. ಆ ಅಧಿಕಾರದಲ್ಲಿ ಒಂದು ಪಾಲನ್ನಾದರೂ ಮೇಷ್ಟರಿಗೆ, ಅಪ್ಪ ಅಮ್ಮಂದಿರಿಗೆ, ಮೂಲೆಯಂಗಡಿಯ ಆ ಹುಡುಗನಿಗೆ ಮರಳಿ ಕೊಡಿಸುವುದು ನಮ್ಮಿಂದ ಆಗಬೇಕಾದ ಕೆಲಸ.